ಪಂಕ್ಚರ್ ಇಕ್ಕಳಕ್ಕೆ ಹದ ಹಾಕದವನು ಯಾರು?

ಮೂರು ವಾರದ ಹಿಂದೆ, ಒಂದು ಭಾನುವಾರ ಬೆಳಗ್ಗೆ, ನಾನು ಒಬ್ಬ ಹೆಣ್ಣುಮಗಳ ಕಣ್ಣು ಕಳೆಯುವವನಿದ್ದೆ.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ದಾಂಡೇಲಿಯ ನಮ್ಮ ಮನೆಯ ಹಿತ್ತಲಲ್ಲಿ, ಮೋಟಾರ್ ಸೈಕಲ್ಲಿನ ಹಿಂದಿನ ಚಕ್ರದ ಮುಂದೆ ಅವರು ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ನಾನೇ ಮಾಡಿಕೊಟ್ಟ ಕಬ್ಬಿಣದ ಲಿವರ್. ಅದರ ತುದಿಯನ್ನು ಟೈರಿನ ಅಂಚಿನ ಕೆಳಗೆ ತೂರಿಸಿ ಒತ್ತಿದರು. ಟಣ್ ಎಂದು ಸದ್ದಾಯಿತು. "ಅಯ್ಯವ್ವಾ" ಎಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಬೆರಳುಗಳ ಸಂದಿಯಿಂದ ರಕ್ತ ಇಳಿಯಿತು.

ಲಿವರ್ ಮುರಿದು ಚೂರು ಹಾರಿತ್ತು. ಬಲ ಹುಬ್ಬಿನ ಮೇಲೆ ಬಡಿದಿತ್ತು. ಇನ್ನು ಅರ್ಧ ಇಂಚು ಕೆಳಗೆ ಬಡಿದಿದ್ದರೆ? ಆ ಪ್ರಶ್ನೆ ಕೇಳಿಕೊಳ್ಳದೆ ನಾನು ಈಗ ಒಂದು ದಿನವೂ ಮಲಗುವುದಿಲ್ಲ.

ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಬಿತ್ತು. ಡಾಕ್ಟರ್ ನನ್ನ ಕಡೆ ತಿರುಗಿ, "ಹೆಂಗಾತ್ರಿ ಇದು?" ಎಂದು ಕೇಳಿದರು.

"ಮಾಲು ಛಲೋ ಇರಲಿಲ್ರಿ ಡಾಕ್ಟರ್. ಈಗಿನ ಕಬ್ಬಿಣಾನ ಹಿಂಗ" ಎಂದೆ.

ಎಷ್ಟು ಸಲೀಸಾಗಿ ಬಾಯಿಗೆ ಬಂತು ಅಂತೀರಿ! ಅದು ಸುಳ್ಳು. ಲಿವರ್ ಮುರಿದ ಕ್ಷಣದಲ್ಲೇ ಯಾಕೆ ಮುರಿಯಿತು ಎಂದು ನನಗೆ ಗೊತ್ತಿತ್ತು. ಹಳಿಯಾಳದಲ್ಲಿ ಹುಡುಗರಿಗೆ ಫಿಟ್ಟರ್ ಕೆಲಸ ಕಲಿಸುವ ಮಾಸ್ತರ ನಾನು. ಇಪ್ಪತ್ತೆರಡು ವರ್ಷದಿಂದ ಅದೇ ಪಾಠ ಹೇಳುತ್ತಿದ್ದೇನೆ. ನನಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು?

ಇರಲಿ, ಮೊದಲಿನಿಂದ ಹೇಳುತ್ತೇನೆ.

ಪೆಟ್ಟಾದವರ ಹೆಸರು ಮಹಾದೇವಿ. ಕೋಗಿಲಬನದಲ್ಲಿ ಮನೆ. ಗಂಡ ಈರಣ್ಣ ಪೇಪರ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾರೆ. ಮಹಾದೇವಿ ಕಾಡಿನ ನಡುವಿನ ಹಳ್ಳಿಗಳಿಗೆ ಹೋಗಿ ಮಕ್ಕಳಿಗೆ ಲಸಿಕೆ ಹಾಕುವ, ಬಸುರಿಯರನ್ನು ನೋಡಿಕೊಳ್ಳುವ ನರ್ಸು. ಊರವರ ಬಾಯಲ್ಲಿ "ನರ್ಸಬಾಯಾರು". ಗಂಡನ ಹಳೆಯ ಮೋಟಾರ್ ಸೈಕಲ್ ಓಡಿಸುತ್ತಾರೆ. (ಸ್ಕೂಟಿಯ ಸಣ್ಣ ಚಕ್ರ ಆ ಕಲ್ಲುದಾರಿಯಲ್ಲಿ ಒಂದು ಮಳೆಗಾಲವೂ ಬಾಳುವುದಿಲ್ಲ.) ಸೀಟಿನ ಹಿಂದೆ ಲಸಿಕೆಯ ತಂಪು ಪೆಟ್ಟಿಗೆ ಕಟ್ಟಿಕೊಂಡು ಬೆಳಗ್ಗೆ ಹೊರಟರೆ ಬರುವುದು ಸಂಜೆ.

ಕೆಲವು ತಿಂಗಳ ಹಿಂದೆ ಒಂದು ಸಂಜೆ ಮನೆಗೆ ಬಂದರು. ಕೂರಿ ಅಂದರೂ ಕೂರಲಿಲ್ಲ.

"ಸರ್ರ, ನೀವು ಕಬ್ಬಿಣದ ಕೆಲಸ ಬಲ್ಲವರು ಅಂತ ಬಂದೇನಿ. ರೋಡಿನ್ಯಾಗ ಪಂಕ್ಚರ್ ಆದ್ರ ನಾ ಒಬ್ಬಾಕಿನ ತೆಗಿಯುವಂಗ ಒಂದು ಸಾಮಾನು ಮಾಡಿ ಕೊಡ್ರಿ."

ಹಿಂದಿನ ವಾರ ಕುಳಗಿ ದಾಟಿದ ಮೇಲೆ ಅವರ ಗಾಡಿ ಪಂಕ್ಚರ್ ಆಗಿತ್ತಂತೆ. ಪಂಕ್ಚರ್ ಅಂಗಡಿ ಎಲ್ಲಿಂದ ಬರಬೇಕು ಅಲ್ಲಿ? ಮೊಬೈಲಿಗೆ ನೆಟ್‌ವರ್ಕ್ ಕೂಡ ಇಲ್ಲ. ಬಿಸಿಲಲ್ಲಿ ಗಾಡಿ ತಳ್ಳಿದರು. ನಡುವೆ ಒಂದು ಕಾಡುಕೋಣ ರಸ್ತೆ ದಾಟದೆ ನಿಂತುಬಿಟ್ಟಿತು. ಅದು ಹೋಗುವವರೆಗೆ ಇವರು ಗಾಡಿಯ ಹಿಂದೆ ಕೂತಿದ್ದರು. ಹಳ್ಳಿ ಮುಟ್ಟುವಷ್ಟರಲ್ಲಿ ಪೆಟ್ಟಿಗೆಯ ಐಸ್ ಕರಗಿ ನೀರಾಗಿತ್ತು. ಬಿಸಿಯಾದ ಲಸಿಕೆ ಹಾಕುವಂತಿಲ್ಲ. ಕೂಲಿ ಬಿಟ್ಟು, ಎಳೆಕೂಸು ಕಟ್ಟಿಕೊಂಡು ಕಾದಿದ್ದ ಹನ್ನೊಂದು ತಾಯಂದಿರನ್ನು ಹಾಗೇ ವಾಪಸ್ ಕಳಿಸಿದರು.

"ಮುಂದಿನ ಸಲ ಇಬ್ಬರು ಬರಲೇ ಇಲ್ರಿ. ನಿಮ್ಮ ಸೂಜಿ ಬ್ಯಾಡ, ನಮ್ಮ ಪಗಾರ ಹೋಗತೈತಿ ಅಂದ್ರು. ಅವರಿಗೆ ನಾ ಏನ್ ಹೇಳಲಿ?"

"ಒಂದು ವಾರ ಕೊಡ್ರಿ" ಎಂದೆ. ಒಳಗೊಳಗೇ ನಗು. ಇದೇನು ಮಹಾ!

ಒಂದು ವಾರಕ್ಕೆ ನನ್ನ ಡಿಸೈನ್ ತಯಾರಾಯಿತು. ಜ್ಯಾಕು, ನಟ್ಟು ಬಿಚ್ಚುವ ಪಾನಾ, ಟೈರ್ ಬಿಚ್ಚುವ ಲಿವರ್, ಹವಾ ಹೊಡೆಯುವ ಪಂಪು ಎಲ್ಲ ಒಂದೇ ಕಬ್ಬಿಣದ ಚೌಕಟ್ಟಿನಲ್ಲಿ. ಬಣ್ಣ ಕೂಡ ಬಳಿದಿದ್ದೆ. ಮಹಾದೇವಿ ಅದನ್ನು ಎರಡೂ ಕೈಯಲ್ಲಿ ಎತ್ತಿ ನೋಡಿ, ಮೆಲ್ಲಗೆ ಕೆಳಗಿಟ್ಟರು.

"ಸರ್ರ, ಇದನ್ನ ಹೊರಾಕ ಇನ್ನೊಂದು ಗಾಡಿ ಬೇಕ್ರಿ."

ಎರಡನೆಯದು ಹಗುರ ಮಾಡಿದೆ. ಟೈರಿನ ಅಂಚು ರಿಮ್ಮಿಗೆ ಕಚ್ಚಿಕೊಂಡಿರುತ್ತದಲ್ಲ, ಅದನ್ನು ಬಿಡಿಸುವುದೇ ನಿಜವಾದ ಕಷ್ಟ. ನಾನು ಕಾಲಿಟ್ಟು ಒತ್ತಿ ತೋರಿಸಿದೆ. ಸಲೀಸಾಗಿ ಬಿಟ್ಟಿತು. ಮಹಾದೇವಿ ಒತ್ತಿದರು. ಬಿಡಲಿಲ್ಲ. ಮೇಲೆ ಹತ್ತಿ ನಿಂತರು. ಆಗಲೂ ಬಿಡಲಿಲ್ಲ.

"ನಿಮ್ಮ ತೂಕ ಎಷ್ಟ್ರೀ ಸರ್?"

"ಎಂಬತ್ತಾರು."

"ನಂದು ನಲವತ್ತೈದು. ಮತ್ತ ಇದನ್ನ ಯಾರ ಸಲವಾಗಿ ಮಾಡೀರಿ?"

ಅಲ್ಲಾ, ಇಷ್ಟು ವರ್ಷ ಪಾಠ ಹೇಳಿದವನು ನಾನು! ಸಾಮಾನು ಬಳಸುವವರು ಯಾರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ಕಾಲು, ನನ್ನ ಕೈ, ನನ್ನ ಹೊಟ್ಟೆ. ಅದೇ ಅಳತೆ.

ಮೂರನೆಯ ಡಿಸೈನ್ ನನ್ನದಲ್ಲ, ಅವರದ್ದು. ಒಂದು ದಿನ ಅತ್ತೆಯ ಅಡಕತ್ತರಿ ತಂದು ನನ್ನ ಮೇಜಿನ ಮೇಲಿಟ್ಟರು. "ನಮ್ಮ ಅತ್ತಿಗೆ ಎಂಬತ್ತು ವರ್ಷ. ಕೈಯಾಗ ಕಸುವಿಲ್ಲ. ಆದ್ರೂ ಗೋಟಡಕಿ ಹೋಳು ಮಾಡ್ತಾರ. ಟೈರಿಗೂ ಇಂಥಾದ್ದು ಬರೂದಿಲ್ಲೇನು?"

ನಾನು ಅದನ್ನು ಕೈಯಲ್ಲಿ ಹಿಡಿದು ತೆರೆದೆ, ಮುಚ್ಚಿದೆ. ಬಾರದೆ ಏನು!

ಹೀಗೆ ಹುಟ್ಟಿದ್ದು ನಮ್ಮ ಪಂಕ್ಚರ್ ಇಕ್ಕಳ. ಒಂದೂಕಾಲು ಅಡಿಯ ಎರಡು ಉದ್ದನೆಯ ತೋಳು. ಒಂದು ತುದಿಯಲ್ಲಿ ಕೀಲು. ಕೀಲಿನ ಹತ್ತಿರ ಟೈರನ್ನು ಸಿಕ್ಕಿಸಿ, ಇನ್ನೊಂದು ತುದಿಯಲ್ಲಿ ಎರಡೂ ಕೈಯಿಂದ ಅಮುಕಿದರೆ ಟೈರಿನ ಅಂಚು ರಿಮ್ಮಿನಿಂದ ಬಿಡುತ್ತದೆ. ಆಮೇಲೆ ಕೀಲಿನ ಪಿನ್ ಎಳೆದರೆ ತೋಳುಗಳು ಬೇರೆಯಾಗಿ ಎರಡು ಲಿವರ್ ಆಗುತ್ತವೆ. ಅವುಗಳಿಂದ ಟೈರು ಎಬ್ಬಿಸಿ, ಟ್ಯೂಬ್ ಹೊರಗೆಳೆದು, ಪ್ಯಾಚ್ ಹಚ್ಚುವುದು. ಚಕ್ರ ಕಳಚುವುದೇ ಬೇಡ. ಗಾಡಿ ನೆಟ್ಟಗೆ ನಿಲ್ಲಲು ಮಡಚುವ ಒಂದು ಪೈಪು, ಜೊತೆಗೆ ಸಣ್ಣ ಪಂಪು. ಎಲ್ಲ ಸೇರಿ ಒಂದು ಬಟ್ಟೆಚೀಲ.

ಮೊದಲ ಜೋಡಿ ಒತ್ತಿದ ಕೂಡಲೇ ತುದಿ ಬಾಗಿತು. ಕಬ್ಬಿಣ ಮೆತ್ತಗಿತ್ತು. ಮಾಲು ಬದಲಿಸಿ, ಒಳ್ಳೆಯ ಉಕ್ಕು ತಂದು ಎರಡು ಜೋಡಿ ಮಾಡಿದೆ. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದೆ. ಉಕ್ಕು ಗಟ್ಟಿಯಾಯಿತು.

ಇಲ್ಲಿ ಒಂದು ನಿಮಿಷ ಪಾಠ ಕೇಳಿ. ಕಾಯಿಸಿ ನೀರಿಗೆ ಅದ್ದಿದ ಉಕ್ಕು ಗಟ್ಟಿಯೇನೋ ಆಗುತ್ತದೆ, ಆದರೆ ಗಾಜಿನಂತೆ ಆಗುತ್ತದೆ. ಅದನ್ನು ಮತ್ತೊಮ್ಮೆ ಸಣ್ಣ ಬಿಸಿಗೆ ಹಿಡಿದು ಹದ ಹಾಕಬೇಕು. ಆಗಲೇ ಅದಕ್ಕೆ ಬಾಗಿ ತಡೆಯುವ ಗುಣ ಬರುವುದು. ಇದು ಫಿಟ್ಟರ್ ಪಾಠದಲ್ಲಿ ಎಳೆಯ ಹುಡುಗನೂ ಪರೀಕ್ಷೆಯಲ್ಲಿ ಬರೆಯುವ ಉತ್ತರ.

ನಾನು ಹದ ಹಾಕಲಿಲ್ಲ.

ಯಾಕೆ? ಮುಂಡಗೋಡದ ತಂಗಿಯ ಮನೆಯಲ್ಲಿ ನಾಮಕರಣ ಇತ್ತು. ಹೆಂಡತಿ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. "ಬಂದ ಮ್ಯಾಲೆ ಮಾಡ್ತೇನಿ" ಎಂದು ಹೋದೆ. ಬಂದೆ. ಮರೆತೆ. ಮರುದಿನ ಮಹಾದೇವಿ ಬಂದು ಎರಡೂ ಜೋಡಿ ಒಯ್ದರು. ಕೊಡುವಾಗ ಒಂದು ಕ್ಷಣ ನೆನಪಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನೆನಪಾಯಿತು, 'ನಡೀತದ ಬಿಡು' ಅಂದುಕೊಂಡೆ.

ಆಮೇಲೆ ಬಂದದ್ದು, ಮಹಾದೇವಿ ಅದನ್ನು ಬಳಸಿ ತೋರಿಸಲು ನಮ್ಮ ಹಿತ್ತಲಿಗೆ ಬಂದ ಆ ಭಾನುವಾರ. ಹೊಲಿಗೆ. ನನ್ನ ಸುಳ್ಳು.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಸುದ್ದಿ ತಿಳಿದು ಈರಣ್ಣ ಮಿಲ್ಲಿನಿಂದ ಆಸ್ಪತ್ರೆಗೆ ಓಡಿಬಂದರು. ಬೈಯುತ್ತಾರೆ, ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವರಿಗೂ ಅದೇ ಹೇಳಿದೆ, ಮಾಲು ಸರಿ ಇರಲಿಲ್ಲ. ಅವರು ನನ್ನ ಭುಜ ಮುಟ್ಟಿ, "ನೀವು ಏನ್ ಮಾಡ್ತೀರಿ ಸರ್, ಅಂಗಡಿಯಾಂವ ಮೋಸ ಮಾಡ್ಯಾನ. ಬರ್ರಿ, ಚಾ ಕುಡಿಯೂಣು. ಮುಂಜಾನಿಂದ ನಿಂತ ಅದೀರಿ" ಎಂದರು. ಹೆಂಡತಿಯ ಹುಬ್ಬು ಹರಿದವನಿಗೆ ಗಂಡ ಚಹಾ ಕುಡಿಸಿದ. ನಾನು ಕುಡಿದೆ!

ಮಂಗಳವಾರ ಮಧ್ಯಾಹ್ನ ಮಹಾದೇವಿ ಫೋನ್ ಮಾಡಿದರು. ಹಳಿಯಾಳಕ್ಕೆ ಬಂದಿದ್ದರು. ಅಲ್ಲಿ ಲಾರಿಗಳ ಪಾಟಾ, ಅಂದರೆ ಅಡಿಯ ಸ್ಪ್ರಿಂಗ್ ಪಟ್ಟಿ, ಬಡಿದು ರಿಪೇರಿ ಮಾಡುವ ಖಾದರ್ ಚಾಚಾ ಎಂಬ ಹಿರಿಯರಿದ್ದಾರೆ. ಅವರ ಬಳಿ ಗಟ್ಟಿ ಮಾಲು ಸಿಗುತ್ತದೆಂದು ಯಾರೋ ಹೇಳಿದ್ದರಂತೆ. "ನೀವೂ ಬರ್ರಿ ಸರ್, ನಮಗೇನು ತಿಳೀತೈತಿ."

ಹೋದೆ. ಮಹಾದೇವಿಯ ಹುಬ್ಬಿನ ಮೇಲೆ ಬಿಳಿ ಪಟ್ಟಿ. ಕಣ್ಣು ಊದಿ ಅರ್ಧ ಮುಚ್ಚಿತ್ತು. ಚೀಲದಿಂದ ಮುರಿದ ಲಿವರ್ ತೆಗೆದು ಚಾಚಾನ ಕೈಗೆ ಕೊಟ್ಟರು.

"ಇದರಕಿಂತ ಛಲೋ ಮಾಲು ಬೇಕ್ರಿ ಚಾಚಾ."

ಚಾಚಾ ಮುರಿದ ಜಾಗವನ್ನು ಬಿಸಿಲಿಗೆ ಹಿಡಿದರು. ಒಂದೇ ನೋಟ. ಅಷ್ಟೇ.

"ಮಾಲು ಏಕ್ ನಂಬರ್ ಐತಿ ಬೇಟಿ. ಇದಕ್ಕಿಂತ ಛಲೋ ನನ್ನ ಕಡೆ ಇಲ್ಲ. ಇಲ್ಲಿ ನೋಡು, ಒಳಗ ಹೆಂಗ ಸಕ್ರಿ ಹರಳು ಕಂಡಂಗ ಕಾಣತೈತಿ. ನೀರು ಕುಡಿಸಿದಾಂವ ಹದಾ ಹಾಕೇ ಇಲ್ಲ. ಯಾರವ್ವಾ ಅಂವ?"

ಆ ರಸ್ತೆಯಲ್ಲಿ ಲಾರಿ ಓಡಾಡುತ್ತಿದ್ದವು. ಪಕ್ಕದ ಅಂಗಡಿಯಲ್ಲಿ ಯಾರೋ ಹಾರ್ನ್ ಟೆಸ್ಟ್ ಮಾಡುತ್ತಿದ್ದರು. ನನಗೆ ಯಾವುದೂ ಕೇಳಲಿಲ್ಲ. ಮಹಾದೇವಿ ನಿಧಾನವಾಗಿ ನನ್ನ ಕಡೆ ತಿರುಗಿದರು.

"ನಾನ" ಎಂದೆ.

ಚಾಚಾ ಲಿವರನ್ನು ಕೆಳಗಿಟ್ಟು ಒಳಗೆ ಹೋದರು. ದೊಡ್ಡ ಮನುಷ್ಯ. ಅಲ್ಲಿ ನಿಂತು ನೋಡುವುದು ಬೇಡ ಅಂದುಕೊಂಡಿರಬೇಕು.

"ನಿಮಗ ಯಾವಾಗ ಗೊತ್ತಾತ್ರಿ ಸರ್?"

"ಮುರಿದ ಕೂಡ್ಲೇ."

ಬೈಯುತ್ತಾರೆ ಅಂದುಕೊಂಡೆ. ಅಳಬಹುದು ಅಂದುಕೊಂಡೆ. ಎರಡೂ ಆಗಲಿಲ್ಲ. ಅವರ ಮುಖ ಒಮ್ಮೆಲೇ ಬಿಳಿಚಿಕೊಂಡಿತು.

"ಅಯ್ಯೋ ಸರ್ರ, ಇನ್ನೊಂದು ಜೋಡಿ ಸುಲಕ್ಷಾನ ಕಡೆ ಐತಲ್ರಿ!"

ಸುಲಕ್ಷಾ ಅವರ ಗೆಳತಿ. ಜೋಯಿಡಾ ಕಡೆಯ ಹಳ್ಳಿಗಳಲ್ಲಿ ಇದೇ ಕೆಲಸ ಮಾಡುವ ನರ್ಸು. ಎರಡನೇ ಜೋಡಿಯನ್ನು ಮಹಾದೇವಿ ಅವರಿಗೆ ಕೊಟ್ಟಿದ್ದರು. ಕೊಡುತ್ತೇನೆಂದು ನನಗೆ ಮೊದಲೇ ಹೇಳಿದ್ದರು ಕೂಡ. ನನಗೆ ಗೊತ್ತಿದ್ದ ವಿಷಯ.

ಓದುಗರೇ, ನನ್ನನ್ನು ನಿಜಕ್ಕೂ ನಡುಗಿಸಿದ್ದು ಆ ಕ್ಷಣ. ರಕ್ತವಲ್ಲ, ಸಿಕ್ಕಿಬಿದ್ದದ್ದೂ ಅಲ್ಲ. ಭಾನುವಾರದಿಂದ ಮಂಗಳವಾರದ ತನಕ ನಾನು ಹಗಲು ರಾತ್ರಿ ಚಿಂತಿಸಿದ್ದೆ. ಯಾರ ಬಗ್ಗೆ? ನನ್ನ ಬಗ್ಗೆ. ಡಾಕ್ಟರ್ ನಂಬಿದರೇ, ಈರಣ್ಣ ನಂಬಿದರೇ, ಹುಡುಗರಿಗೆ ತಿಳಿದರೆ ಏನು ಅಂದಾರು. ಅದೇ ಗಾಜಿನ ಕಬ್ಬಿಣ ಇನ್ನೊಬ್ಬ ಹೆಣ್ಣುಮಗಳ ಗಾಡಿಯ ಡಬ್ಬಿಯಲ್ಲಿದೆ ಎಂಬುದು ಆ ಮೂರು ದಿನದಲ್ಲಿ ಒಂದು ಸಲವೂ ನನ್ನ ತಲೆಗೆ ಬಂದಿರಲಿಲ್ಲ. ಒಂದು ಸಲವೂ!

ಫೋನ್ ಹಚ್ಚಿದರು. ಸಂಪರ್ಕಕ್ಕೆ ಸಿಗುತ್ತಿಲ್ಲ. ಮತ್ತೆ ಹಚ್ಚಿದರು. ಅದೇ ದನಿ, ಅದೇ ಮಾತು. "ಇವತ್ತು ಆಕಿ ಲಸಿಕಿ ದಿನಾ. ಎಲ್ಲಿ ಅದಾಳ ನನಗ ಗೊತ್ತೈತಿ. ನಡೀರಿ."

ನನ್ನ ಗಾಡಿ. ಹಿಂದೆ ಮಹಾದೇವಿ, ಧೂಳಿಗೆ ತಲೆ, ಹಣೆ ಬಟ್ಟೆಯಲ್ಲಿ ಸುತ್ತಿಕೊಂಡು. ಹಳಿಯಾಳದಿಂದ ದಾಂಡೇಲಿ, ಅಲ್ಲಿಂದ ಜೋಯಿಡಾ ರಸ್ತೆ. ಅಷ್ಟು ದೂರದಲ್ಲಿ ಅವರು ಒಂದೇ ಒಂದು ಮಾತಾಡಿದರು. ಅದೂ ದಾಂಡೇಲಿ ದಾಟಿದ ಮೇಲೆ.

"ನೀವು ಮಾಲಿನ ತಪ್ಪು ಅಂದ್ರಿ. ನಾ ನಂಬಿದೆ. ನಾಳೆ ಇನ್ನೊಂದು ಮಾಲಿನ್ಯಾಗ ಹಿಂಗ ಮಾಡಸ್ತಿದ್ವಿ. ಅದು ಯಾರ ಕಣ್ಣಿಗೆ ಬಡೀತಿತ್ರಿ?"

ನಾನು ಗೇರ್ ಬದಲಿಸಿ ವೇಗ ಹೆಚ್ಚಿಸಿದೆ. ನೀವಾದರೆ ಏನು ಹೇಳುತ್ತಿದ್ದಿರಿ?

ರಸ್ತೆಯ ಪ್ರತಿ ತಿರುವಿನಲ್ಲೂ, ಅಲ್ಲೊಂದು ಗಾಡಿ ನಿಂತಿರುತ್ತದೆ, ಒಬ್ಬಳು ಮುಖ ಮುಚ್ಚಿಕೊಂಡು ಕೂತಿರುತ್ತಾಳೆ ಎಂದೇ ಅನಿಸುತ್ತಿತ್ತು. ಹಾಗೇನೂ ಕಾಣಲಿಲ್ಲ. ಮುಖ್ಯರಸ್ತೆ ಬಿಟ್ಟು ಮಣ್ಣುದಾರಿ ಹಿಡಿದು ಹಳ್ಳಿ ಮುಟ್ಟಿದಾಗ ಸುಲಕ್ಷಾ ಅಂಗನವಾಡಿ ಜಗಲಿಯಲ್ಲಿ ಕೂತು ರಿಜಿಸ್ಟರ್ ಬರೆಯುತ್ತಿದ್ದರು. ಎರಡೂ ಕಣ್ಣು ನೆಟ್ಟಗಿದ್ದವು. ನಾನು ಗಾಡಿ ನಿಲ್ಲಿಸಿ ಅದರ ಮೇಲೆಯೇ ಕೂತುಬಿಟ್ಟೆ.

ಇಕ್ಕಳ ಮಾಡಿದ ಸರ್ ಇವರೇ ಎಂದು ಮಹಾದೇವಿ ಹೇಳಿದ ಕೂಡಲೇ ಅವರು ಓಡಿಬಂದರು. ಮನೆಮಾತು ಕೊಂಕಣಿ. ಕೈ ಮುಗಿದು, "ದೇವ್ ಬರೆಂ ಕರುಂ ಸರ್" ಎಂದರು. ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದು. "ಎರಡು ಸಲ ಪಂಕ್ಚರ್ ತೆಗೆದೆ ಸರ್. ನಾನೇ. ಯಾರನ್ನೂ ಕರೀಲಿಲ್ಲ. ಮೊನ್ನೆ ಸ್ವಲ್ಪ ಗಟ್ಟಿ ಇತ್ತು, ಹೀಗೆ ಬಗ್ಗಿ ಒತ್ತಿದೆ, ಬಂತು."

ಹೇಗೆ ಬಗ್ಗಿದ್ದರು ಎಂದು ಮಾಡಿ ತೋರಿಸಿದರು. ಮುಖ ಲಿವರಿನಿಂದ ಗೇಣು ದೂರ ಕೂಡ ಇರಲಿಲ್ಲ.

ಮಹಾದೇವಿ ನನ್ನನ್ನು ನೋಡಿದರು. ನೀವೇ ಹೇಳಿ, ನಾನು ಹೇಳುವುದಿಲ್ಲ ಎಂಬ ನೋಟ.

ಹೇಳಿದೆ. ನಾಮಕರಣದಿಂದ ಚಾಚಾನ ಅಂಗಡಿಯವರೆಗೆ. ಸುಲಕ್ಷಾ ನಂಬಲಿಲ್ಲ. "ಇಷ್ಟು ಗಟ್ಟಿ ಉಂಟಲ್ಲ ಸರ್?" ಎಂದರು. ಇಬ್ಬರನ್ನೂ ಜಗಲಿಯ ಗೋಡೆಯ ಹಿಂದೆ ನಿಲ್ಲಿಸಿದೆ. ಲಿವರನ್ನು ಗೋಣಿಚೀಲದಲ್ಲಿ ಸುತ್ತಿ, ಎರಡು ಕಲ್ಲುಗಳ ಮೇಲೆ ಅಡ್ಡ ಇಟ್ಟು, ಮೂರನೇ ಕಲ್ಲಿನಿಂದ ಒಂದು ಏಟು ಹಾಕಿದೆ. ಜೋರಾಗಿ ಅಲ್ಲ, ತೆಂಗಿನಕಾಯಿ ಒಡೆಯುವಷ್ಟು.

ಚೀಲ ಬಿಚ್ಚಿದರೆ ಮೂರು ತುಂಡು. ಬಳೆ ಒಡೆದ ಹಾಗೆ.

ಸುಲಕ್ಷಾ ಬಗ್ಗಿ ನೋಡಿದರು. ಅವರ ಕೈ ತಾನಾಗಿ ಬಲಗಣ್ಣಿನ ಮೇಲೆ ಹೋಯಿತು. ಮುಗಿದಿದ್ದ ಕೈಗಳು ಮತ್ತೆ ಮುಗಿಯಲಿಲ್ಲ.

ಆ ಸಂಜೆ ಈರಣ್ಣನ ಮುಂದೆಯೂ ಹೇಳಿದೆ. ಅವರು ಹೆಂಡತಿಯ ಹುಬ್ಬಿನ ಪಟ್ಟಿ ನೋಡಿ, "ಅವತ್ತ ಹೇಳಿದ್ರ ನಾ ಒಂದು ಮಾತು ಬೈದು ಬಿಟ್ಟ ಬಿಡ್ತಿದ್ದೆ ಸರ್" ಎಂದರು. ಆ ದಿನ ಚಹಾಕ್ಕೆ ಕರೆಯಲಿಲ್ಲ. ಸರಿಯಾಗಿಯೇ ಇತ್ತು.

ಇನ್ನು ಮುಗಿಯಿತು, ನನ್ನನ್ನು ಕಂಡರೆ ಇವರು ದಾರಿ ಬದಲಿಸುತ್ತಾರೆ ಅಂದುಕೊಂಡಿದ್ದೆ. ಮುಂದಿನ ಭಾನುವಾರ ಬೆಳಗ್ಗೆ ಬಾಗಿಲು ತೆಗೆದರೆ ಮಹಾದೇವಿ, ಸುಲಕ್ಷಾ ಇಬ್ಬರೂ ನಿಂತಿದ್ದಾರೆ! ಮಹಾದೇವಿಯ ಹುಬ್ಬಿನ ಹೊಲಿಗೆ ಆಗಲೇ ಬಿಚ್ಚಿಯಾಗಿತ್ತು.

"ನಡೀರಿ ಸರ್, ಚಾಚಾನ ಕಡೆ. ಈ ಸಲ ನಮ್ಮ ಮುಂದ ಮಾಡ್ರಿ."

ಹೀಗಾಗಿ ಹಳಿಯಾಳದ ಆ ಮಸಿ ಹಿಡಿದ ಅಂಗಡಿಯಲ್ಲಿ, ಇಪ್ಪತ್ತೆರಡು ವರ್ಷದ ಮಾಸ್ತರ ನಾನು, ಇಬ್ಬರು ನರ್ಸುಗಳ ಎದುರು ಪರೀಕ್ಷೆಗೆ ನಿಂತೆ. ಲಾರಿಯ ಹಳೆಯ ಪಾಟಾ ಕತ್ತರಿಸಿ, ಬಡಿದು, ತೋಳುಗಳ ಆಕಾರಕ್ಕೆ ತಂದೆವು. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದೆವು. (ಪಾಟಾದ ಉಕ್ಕಿಗೆ ನೀರಿಗಿಂತ ಎಣ್ಣೆ ವಾಸಿ, ಚಾಚಾ ಹೇಳಿದ್ದು.) ಆಮೇಲೆ ತಿಕ್ಕಿ ಹೊಳಪು ತಂದು ಸಣ್ಣ ಬೆಂಕಿಗೆ ಹಿಡಿದೆ.

"ಈಗ ಬಣ್ಣಾ ನೋಡ್ರಿ" ಎಂದೆ.

ಉಕ್ಕಿನ ಮೇಲೆ ಮೊದಲು ಒಣಹುಲ್ಲಿನ ಬಣ್ಣ ಓಡಿತು. ನಂತರ ಕಂದು. ಆಮೇಲೆ ನೇರಳೆ. ಇಬ್ಬರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ನವಿಲಿನ ಕುತ್ತಿಗೆಯಂಥ ನೀಲಿ ಬಂದ ಕೂಡಲೇ ಬೆಂಕಿಯಿಂದ ತೆಗೆದೆ.

"ಇಷ್ಟಕ್ಕ ಎಷ್ಟು ಹೊತ್ತು ಬೇಕ್ರಿ?" ಮಹಾದೇವಿ ಕೇಳಿದರು.

"ಹತ್ತು ನಿಮಿಷ."

ಅವರು ಹುಬ್ಬಿನ ಗಾಯವನ್ನು ಒಮ್ಮೆ ಮುಟ್ಟಿಕೊಂಡರು, ಅಷ್ಟೇ. ಹತ್ತು ನಿಮಿಷ!

ಆರಿದ ಮೇಲೆ ಚಾಚಾ ಅದನ್ನು ಬೆಂಚಿನ ವೈಸ್ ಹಿಡಿತದಲ್ಲಿ ಬಿಗಿದು, ಪೈಪು ತೊಡಿಸಿ ಜಗ್ಗಿದರು. ಬಾಗಿತು, ಬಿಟ್ಟ ಕೂಡಲೇ ನೆಟ್ಟಗಾಯಿತು. ಸುತ್ತಿಗೆಯಿಂದ ಹೊಡೆದರು. ಮುರಿಯಲಿಲ್ಲ. ನಂತರ ಅಂಗಡಿಯ ಮುಂದೆಯೇ ಮಹಾದೇವಿ ತಮ್ಮ ಗಾಡಿಯ ಹವಾ ಬಿಟ್ಟು ಕೂತರು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ. "ನೀವು ಮುಟ್ಟಬ್ಯಾಡ್ರಿ" ಎಂದರು. ನಲವತ್ತೈದು ಕೇಜಿಯ ಆ ಹೆಣ್ಣುಮಗಳು ಇಕ್ಕಳ ಸಿಕ್ಕಿಸಿ ಅಮುಕಿದರು. ಟೈರು ಬಿಟ್ಟಿತು. ಪಿನ್ ಎಳೆದರು. ಎರಡು ಲಿವರ್ ತೂರಿಸಿದರು. ಟ್ಯೂಬ್ ಹೊರಗೆ ಬಂತು. ಪ್ಯಾಚ್ ಹಚ್ಚಿ, ಒಳಗೆ ಸೇರಿಸಿ, ಹವಾ ಹೊಡೆದು ಎದ್ದು ನಿಂತಾಗ ಸುಲಕ್ಷಾ ಜೋರಾಗಿ ಚಪ್ಪಾಳೆ ತಟ್ಟಿದರು. ಚಾಚಾ ಬೇರೆ ಕಡೆ ತಿರುಗಿ ಕಣ್ಣೊರೆಸಿಕೊಂಡರು. (ಹೊಗೆ ಅಂತ ಹೇಳಿದರು.)

ಈಗ ಅತ್ತಿವೇರಿ ಕಡೆಯ ಇಬ್ಬರು ನರ್ಸುಗಳೂ ಕೇಳಿದ್ದಾರಂತೆ. ಮಾಡಿಕೊಡಲು ಒಪ್ಪಿದೆ. ಮಹಾದೇವಿ ಒಂದು ಷರತ್ತು ಹಾಕಿದರು.

"ಪ್ರತಿ ಒಂದರ ಮ್ಯಾಲೂ ನಿಮ್ಮ ಹೆಸರು ಪಂಚ್ ಮಾಡ್ರಿ ಸರ್. ಮುರದ್ರ ಯಾರನ್ನ ಕೇಳಬೇಕು ಅಂತ ಕೈಯಾಗ ಹಿಡದಾಕಿಗೆ ಗೊತ್ತಿರಬೇಕು."

ಅಕ್ಷರದ ಪಂಚು ಉಕ್ಕಿನ ಮೇಲಿಟ್ಟು ಸುತ್ತಿಗೆ ಎತ್ತಿದೆ. ಕೈ ಇಳಿಯಲಿಲ್ಲ. ಜೋಡಿಯನ್ನು ಮತ್ತೊಮ್ಮೆ ಬಾಗಿಸಿ ನೋಡಿದೆ. ಮತ್ತೆ ಬಣ್ಣ ನೋಡಿದೆ. ಮತ್ತೆ ಬಾಗಿಸಿದೆ. ಆಮೇಲೆ ಮೊದಲ ಅಕ್ಷರ ಹೊಡೆದೆ.

ಇವತ್ತು ನೀವು ಮಾಡಿ ಮುಗಿಸಿದ ಕೆಲಸದ ಮೇಲೆ ನಿಮ್ಮ ಹೆಸರು ಕೆತ್ತಿ ಕೊಡಿ ಅಂದರೆ, ನಿಮ್ಮ ಸುತ್ತಿಗೆ ಒಂದೇ ಏಟಿಗೆ ಇಳಿದೀತೇ?